ಹೃದಯದ ಸ್ನಾಯು ದಣಿಯದಿರುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಕಾರವಾರ):
ಒಂಬತ್ತನೇ ತರಗತಿಗೆ ಅಂಗಾಂಶಗಳ ಪಾಠ ಮಾಡುವಾಗ, ಪಟ್ಟೆಸಹಿತ ಸ್ನಾಯುಗಳು ನಮ್ಮ ಇಚ್ಛೆಯಂತೆ ಕೆಲಸ ಮಾಡುತ್ತವೆ, ಬೇಗ ದಣಿಯುತ್ತವೆ ಎಂದು ಹೇಳಿದ್ದೆ. ಹೃದಯದ ಸ್ನಾಯುವಿನಲ್ಲೂ ಪಟ್ಟೆಗಳಿವೆ ಎಂದಾಗ ಮೀನುಗಾರರ ಮನೆಯ ಹುಡುಗಿಯೊಬ್ಬಳು, ರಂಪಣಿ ಬಲೆ ಎಳೆದು ಬಂದ ಅಪ್ಪನ ತೋಳು ಸೋತುಹೋಗುತ್ತದೆ, ಹೃದಯವೇಕೆ ಸೋಲುವುದಿಲ್ಲ ಎಂದು ಕೇಳಿದಳು. ಅದು ಅನೈಚ್ಛಿಕ ಸ್ನಾಯು ಎಂದಷ್ಟೇ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ವೈದ್ಯ, ಶಿರಸಿ):
ಮೇಡಂ, ಬಹಳ ಒಳ್ಳೆಯ ಪ್ರಶ್ನೆ. ಪಟ್ಟೆಯೆಂಬುದು ಜೀವಕೋಶದೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಕ್ರಮವಾಗಿ ಜೋಡಣೆಯಾಗಿರುವುದರ ಗುರುತೇ ಹೊರತು, ಇಚ್ಛೆಗಾಗಲಿ ದಣಿವಿಗಾಗಲಿ ಅದರೊಂದಿಗೆ ನೇರ ಸಂಬಂಧವಿಲ್ಲ. ಹೃದಯದ ಸ್ನಾಯುಕೋಶದ ಸುಮಾರು ಮೂರನೇ ಒಂದು ಭಾಗವನ್ನು ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳೇ ತುಂಬಿಕೊಂಡಿರುವುದರಿಂದ, ಆಮ್ಲಜನಕ ಸಿಗುತ್ತಿರುವಷ್ಟು ಕಾಲ ಅದಕ್ಕೆ ಶಕ್ತಿಯ ಕೊರತೆಯಾಗುವುದಿಲ್ಲ. ಎರಡನೆಯ ಕಾರಣ ನನಗೆ ಇನ್ನೂ ಸೊಗಸೆನಿಸುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಒಂದು ಬಡಿತದ ಅವಧಿ ಸುಮಾರು 0.8 ಸೆಕೆಂಡು, ಅದರಲ್ಲಿ ಹೃತ್ಕುಕ್ಷಿಗಳು (ಹೃದಯದ ಕೆಳಗಿನ ಎರಡು ಕೋಣೆಗಳು) ಸಂಕುಚಿಸಿರುವುದು ಸುಮಾರು 0.3 ಸೆಕೆಂಡು ಮಾತ್ರ, ಉಳಿದ ಹೊತ್ತು ಅವು ಸಡಿಲವಾಗಿರುತ್ತವೆ, ಎಡ ಹೃತ್ಕುಕ್ಷಿಯ ಗೋಡೆಗೆ, ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ರಕ್ತನಾಳಗಳಿಂದ ರಕ್ತ ಹೆಚ್ಚಾಗಿ ಹರಿಯುವುದೂ ಆ ಬಿಡುವಿನಲ್ಲಿಯೇ. ತೋಳಿನ ಸ್ನಾಯುವಿಗೆ ನರದ ಸಂಕೇತಗಳು ಒಂದರ ಬೆನ್ನಿಗೊಂದು ಬಂದರೆ ಅದು ಬಿಗಿದೇ ಇರುತ್ತದೆ. ಬಲೆಯ ಹಗ್ಗ ಹಿಡಿದು ಎಳೆಯುವಾಗ ಆಗುವುದು ಇದೇ. ಹೃದಯದ ಕೋಶವಾದರೋ ಒಮ್ಮೆ ಸಂಕುಚಿಸಿತೆಂದರೆ, ಸಡಿಲಗೊಳ್ಳತೊಡಗುವವರೆಗೂ ಮತ್ತೊಂದು ಸಂಕೇತಕ್ಕೆ ಓಗೊಡುವುದಿಲ್ಲ. ಹೀಗಾಗಿ ಅದರ ಬಿಡುವು ತಪ್ಪುವುದಿಲ್ಲ.

ಉತ್ತರ (ಫಿಸಿಯೋಥೆರಪಿ ವಿದ್ಯಾರ್ಥಿ, ಕುಮಟಾ):
ಐಚ್ಛಿಕ, ಅನೈಚ್ಛಿಕ ಎಂಬ ವಿಂಗಡಣೆಯೂ ಅಷ್ಟು ಬಿಗಿಯಾದುದಲ್ಲ ಎಂದು ಮಕ್ಕಳಿಗೆ ತಿಳಿಸಿದರೆ ಒಳ್ಳೆಯದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಪಟ್ಟೆಸಹಿತ ಸ್ನಾಯುವೇ ಆದರೂ ನಾವು ನಿದ್ರಿಸುವಾಗಲೂ ಉಸಿರಾಟ ನಡೆಸುತ್ತದೆ. ಅನ್ನನಾಳವನ್ನು ನೋಡಿ: ಮೇಲ್ಭಾಗದಲ್ಲಿ ಪಟ್ಟೆಸಹಿತ ಸ್ನಾಯು, ಕೆಳಭಾಗದಲ್ಲಿ ಪಟ್ಟೆರಹಿತ ಸ್ನಾಯು, ನಡುವೆ ಎರಡರ ಬೆರಕೆ. ಒಂದು ಗುಟುಕು ಗಂಜಿ ಕುಡಿದರೂ ಅದು ಈ ಎರಡು ಬಗೆಯ ಸ್ನಾಯುಗಳನ್ನು ದಾಟಿಯೇ ಜಠರ ಸೇರಬೇಕು, ನುಂಗಿದ ಮೇಲೆ ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹೃದಯಾಘಾತವಾದಾಗ ಆ ಸ್ನಾಯುವಿಗೆ ಏನಾಗುತ್ತದೆ?

ಉತ್ತರ (ವೈದ್ಯ, ಶಿರಸಿ):
ಕೊರೊನರಿ ರಕ್ತನಾಳ ಕಟ್ಟಿಕೊಂಡು ಆಮ್ಲಜನಕ ನಿಂತರೆ ಆ ಭಾಗದ ಕೋಶಗಳು ಸಾಯುತ್ತವೆ. ತೋಳಿನ ಸ್ನಾಯುವಿಗೆ ಪೆಟ್ಟಾದರೆ ಅದನ್ನು ದುರಸ್ತಿ ಮಾಡುವ ಕೋಶಗಳು ಪಕ್ಕದಲ್ಲಿಯೇ ಇರುತ್ತವೆ. ಹೃದಯದಲ್ಲಿ ಹೊಸ ಕೋಶಗಳು ಹುಟ್ಟುವುದು ತೀರಾ ಕಡಿಮೆ. ಸತ್ತ ಜಾಗದಲ್ಲಿ ಸಂಕುಚಿಸಲಾರದ ನಾರಿನ ಕಲೆ ಉಳಿದು, ಅದರ ಪಾಲಿನ ಕೆಲಸವೂ ಸುತ್ತಲಿನ ಸ್ನಾಯುವಿನ ಮೇಲೆ ಬೀಳುತ್ತದೆ. ಎದೆನೋವು ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕರೆತನ್ನಿ ಎಂದು ನಾವು ಒತ್ತಾಯಿಸುವುದು ಇದಕ್ಕಾಗಿಯೇ.