‘ಮೈಗ್ರಂಟ್ ಮದರ್’ ಫೋಟೋದಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿ ನಿಲ್ಲುತ್ತೆ?

ಕಪ್ಪುಬಿಳುಪು

ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಹತ್ತಿರ, ಬಟಾಣಿ ಬಿಡಿಸೋ ಕೂಲಿಗಳ ಬಿಡಾರದಲ್ಲಿ ತೆಗೆದ ಆ ತಾಯಿಯ ಚಿತ್ರ ನೀವೆಲ್ಲ ನೋಡಿರ್ತೀರಿ. ಬರೆಯೋರೆಲ್ಲ ಆಕೆಯ ಹಣೆಯ ಗೆರೆ, ದೂರ ನೆಟ್ಟ ಕಣ್ಣು ಅಂತಲೇ ಶುರು ಮಾಡ್ತಾರೆ. ನನಗೆ ಮೊದಲು ಕಾಣೋದು ಅಕ್ಕಪಕ್ಕದ ಇಬ್ಬರು ಮಕ್ಕಳ ತಲೆಯ ಹಿಂಭಾಗ. ಮೋಟುಗೂದಲು, ಮುಖ ಆ ಕಡೆಗೆ, ಅಮ್ಮನ ಹೆಗಲಿಗೆ ಒರಗಿದ್ದಾರೆ. ಮುಖ ಕಂಡಿದ್ದರೆ ಮುದ್ದಾಗಿವೆಯಾ, ಕೊಳೆಯಾಗಿವೆಯಾ ಅಂತ ನೋಡ್ತಾ ಕೂರ್ತಿದ್ದೆನೋ ಏನೋ. ಈಗ ಅಲ್ಲಿ ನಿಲ್ಲೋಕೆ ಏನೂ ಇಲ್ಲ, ಕಣ್ಣು ಎರಡೂ ಕಡೆಯಿಂದ ಜಾರಿ ತಾಯಿಯ ಮುಖಕ್ಕೇ ಬರುತ್ತೆ. ಅಲ್ಲಿಂದ ಗಲ್ಲಕ್ಕಿಟ್ಟ ಕೈಗುಂಟ ಕೆಳಗೆ, ಮಡಿಲ ಕೂಸು, ಮತ್ತೆ ಮೇಲಕ್ಕೆ. ಒಬ್ಬರೂ ನನ್ನ ಕಡೆ ನೋಡಲ್ಲ. ಕಾಡೋದು ಅದೇ. ಕೈಚಾಚಿದ್ದರೆ ಏನಾದರೂ ಕೊಟ್ಟು ಮುಂದೆ ಹೋಗಬಹುದಿತ್ತು.

ಅವತ್ತು ಲ್ಯಾಂಗ್ ತಮ್ಮ ಗ್ರಾಫ್ಲೆಕ್ಸ್ ಕ್ಯಾಮೆರಾದಲ್ಲಿ ಐದಾರು ಫ್ರೇಮ್ ತೆಗೆದಿದ್ದಾರೆ. ದೂರದ ಫ್ರೇಮಿನಲ್ಲಿ ಇಡೀ ಟೆಂಟು, ತೂಗುಕುರ್ಚಿಯಲ್ಲಿ ಕೂತ ದೊಡ್ಡ ಹುಡುಗಿ. ಇನ್ನೊಂದರಲ್ಲಿ ಹಳೇ ಟ್ರಂಕು, ಅದರ ಮೇಲೆ ಖಾಲಿ ತಟ್ಟೆ. ಬಡತನಕ್ಕೆ ಸಾಕ್ಷಿ ಬೇಕಂದರೆ ಅಲ್ಲೇ ಹೆಚ್ಚು. ಆದರೂ ಅವು ನನಗೆ ತಟ್ಟಲ್ಲ. ಹಾಗಾದರೆ ನಾನು ಮರುಗ್ತಿರೋದು ಆಕೆಗೋ, ಒಪ್ಪವಾದ ಚೌಕಟ್ಟಿಗೋ? ನಿಮಗೆ ಹೇಗೆ?

ಟಚಿಂಗ್ ಟೇಬಲ್

ಮೇಡಂ, ನಾನು ಸ್ಟುಡಿಯೋದಲ್ಲಿ ನೆಗೆಟಿವ್ ಟಚಿಂಗ್, ಅಂದರೆ ಫಿಲಂ ಮೇಲೇ ಕಲೆ ತಿದ್ದೋ ಕೆಲಸ, ಮಾಡ್ತಿದ್ದವನು. ನನ್ನ ಕಣ್ಣು ಹೋಗೋದು ಬಲಗಡೆ ಕೆಳಮೂಲೆಗೆ. ಟೆಂಟಿನ ಕಂಬ ಹಿಡಿದ ಒಂದು ಹೆಬ್ಬೆರಳು ಅಲ್ಲಿತ್ತು. 1939ರಲ್ಲಿ ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲೇ ತೆಗೆಸಿದರು. ಅವರು ಕೆಲಸ ಮಾಡ್ತಿದ್ದ ಸರ್ಕಾರಿ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಇದು ಹಿಡಿಸಲಿಲ್ಲ. ಕಸುಬಿನವನಾಗಿ ಹೇಳ್ತೀನಿ, ನಾನಾದರೂ ತೆಗೀತಿದ್ದೆ. ನೀವು ಹೇಳಿದ ಆ ಸುತ್ತಾಟದಿಂದ ಕಣ್ಣನ್ನು ಹೊರಗೆ ಎಳೆಯೋದು ಅದೊಂದೇ. ಆದರೆ ಸುಲಭ ಅಲ್ಲ. ನೆಗೆಟಿವ್‌ನಲ್ಲಿ ಕಪ್ಪು, ಬಿಳುಪು ಅದಲುಬದಲು. ಮದುವೆ ಹೆಣ್ಣಿನ ಮೊಡವೆ ನೆಗೆಟಿವ್‌ನಲ್ಲಿ ತೆಳುವಾಗಿರುತ್ತೆ, ಚೂಪು ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟರೆ ಮುಗೀತು. ಬೆರಳು ಬೆಳ್ಳಗಿದ್ದರೆ ನೆಗೆಟಿವ್‌ನಲ್ಲಿ ಕಪ್ಪು. ಬ್ಲೇಡಲ್ಲಿ ಹೆರೆದು ತಿಳಿ ಮಾಡಬೇಕು, ಸ್ವಲ್ಪ ಹೆಚ್ಚಾದರೆ ತೂತು. ಗುರುತು ಉಳಿದೇ ಉಳಿಯುತ್ತೆ. ಇದರಲ್ಲೂ ಉಳಿದಿದೆ, ಹುಡುಕಿ ನೋಡಿ.

ಸಂತೆಪೇಟೆ

ಬೆರಳಿನ ಮಾತು ಬಿಡಿ, ಆಕೆಯ ಹೆಸರೇ ಚೌಕಟ್ಟಿನ ಹೊರಗಿತ್ತಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಆಗ 32 ವರ್ಷ, ಚೆರೋಕಿ ಮೂಲದವಳು. ಲ್ಯಾಂಗ್ ಆಕೆಯ ಹೆಸರನ್ನೇ ಕೇಳಿರಲಿಲ್ಲ. 1978ರಲ್ಲಿ ಹೆಸರು ಹೊರಬಂದಾಗ ಆಕೆ ಹೇಳಿದ್ದು, ಆ ಫೋಟೋ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಅಂತ. ಊಟಕ್ಕಾಗಿ ಕಾರಿನ ಟೈರ್ ಮಾರಿಕೊಂಡರು ಅನ್ನೋ ಲ್ಯಾಂಗ್ ಮಾತನ್ನೂ ಮನೆಯವರು ಒಪ್ಪಲಿಲ್ಲ. ನನಗೆ ತೂಗುಕುರ್ಚಿಯ ಫ್ರೇಮೇ ಇಷ್ಟ. ಅಲ್ಲೊಂದು ಸಂಸಾರ ಇದೆ. ನೀವು ಮೆಚ್ಚಿದ್ದರಲ್ಲಿ ಇರೋದು ಬಾಲಯೇಸುವನ್ನು ಎತ್ತಿಕೊಂಡ ಮೇರಿ ಮಾತೆ ಮಾತ್ರ.

ಕಪ್ಪುಬಿಳುಪು

ಸಂತೆಪೇಟೆ ಸರ್, ಮೇರಿ ಮಾತೆ ಅನ್ನೋದನ್ನ ನಾನು ಒಪ್ಪಲ್ಲ. ಆ ಚಿತ್ರಗಳಲ್ಲಿ ಕೂಸಿಗೇ ಬೆಳಕು, ಕೂಸಿಗೇ ಪೂಜೆ. ಇಲ್ಲಿ ಅದು ಬಟ್ಟೆಯಲ್ಲಿ ಹುದುಗಿ ಮೂಲೆ ಸೇರಿದೆ, ಹುಡುಕಿದರೆ ಸಿಗುತ್ತೆ. ನಡುವೆ ಇರೋದು ಆಕೆ ತನ್ನ ಗಲ್ಲಕ್ಕೆ ಇಟ್ಟುಕೊಂಡ ಕೈ. ಮುಂದಿನ ಹೊತ್ತಿನ ಲೆಕ್ಕ ಹಾಕ್ತಿರೋ ಹೆಂಗಸಿಗೆ ಕೈಮುಗಿಯೋಕೆ ನನಗಂತೂ ಆಗಲ್ಲ. ಆಕೆಗೆ ಅನ್ಯಾಯ ಆಯ್ತು ಅನ್ನೋದರಲ್ಲಿ ಎರಡು ಮಾತಿಲ್ಲ. ಆಕೆಯ ಮಾತು ಓದಿದ ಮೇಲೆ ಆ ನೋಟದಲ್ಲಿ ಸಿಟ್ಟೂ ಕಾಣ್ತಿದೆ, ಮೊದಲು ಬರೀ ಚಿಂತೆ ಕಂಡಿತ್ತು. ಚಿತ್ರ ಮಾತ್ರ ಸಣ್ಣದಾಗಿಲ್ಲ.

ಟಚಿಂಗ್ ಸರ್, ಬೆರಳು ಇರೋ ಪ್ರಿಂಟ್ ನೋಡೋಕೆ ಸಿಗುತ್ತಾ?

ಟಚಿಂಗ್ ಟೇಬಲ್

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಎರಡೂ ಇವೆ, ದುಡ್ಡು ಕೊಡಬೇಕಿಲ್ಲ. ಟಿಫ್ ಫೈಲನ್ನೇ ಇಳಿಸಿಕೊಳ್ಳಿ, ಚಿಕ್ಕ ಜೆಪೆಗ್‌ನಲ್ಲಿ ಬಟ್ಟೆಯ ನೇಯ್ಗೆ ಎಲ್ಲ ಹೋಗಿರುತ್ತೆ. ಮತ್ತೆ ಮೊಬೈಲಲ್ಲಿ ನೋಡಬೇಡಿ, ದೊಡ್ಡ ಸ್ಕ್ರೀನಲ್ಲಿ ನೋಡಿ.