ಟಿಟ್ಟಿಭದ ಮರಿಗಳ ಚಿತ್ರ ತೆಗೆಯಲು ಎಷ್ಟು ಹತ್ತಿರ ಹೋಗಬಹುದು?

ಪ್ರಶ್ನೆ (ಕುಮಟಾದಿಂದ)

ಎಲ್ಲರಿಗೂ ನಮಸ್ಕಾರ. ಅಘನಾಶಿನಿಯ ಅಳಿವೆಯ ಸಮೀಪ, ಗಜನಿ ಗದ್ದೆಗಳಿಗೂ (ಉಪ್ಪುನೀರು ಸೇರುವ ಅಳಿವೆಯಂಚಿನ ಗದ್ದೆಗಳು) ಮರಳ ದಂಡೆಗೂ ನಡುವಿನ ಬಯಲಿನಲ್ಲಿ ಕೆಂಪು ಟಿಟ್ಟಿಭದ ಜೋಡಿಯೊಂದು ಮರಿ ಮಾಡಿದೆ. ನನ್ನ ಬಳಿ 600 ಮಿ.ಮೀ.ವರೆಗಿನ ಜೂಮ್ ಲೆನ್ಸ್ ಇದೆ. ನಾನು ಬಯಲಿಗೆ ಇಳಿದ ಕೂಡಲೇ ದೊಡ್ಡ ಹಕ್ಕಿಗಳು ತಲೆಯ ಮೇಲೆ ಕೂಗುತ್ತಾ ಸುತ್ತುತ್ತವೆ. ಮರಿಗಳು ಮಾತ್ರ ಅಲುಗಾಡದೆ ಕುಳಿತಿರುವುದರಿಂದ ಅವುಗಳಿಗೆ ನನ್ನ ಭಯವಿಲ್ಲವೆಂದು ತೋರುತ್ತದೆ. ತಾಯಿಯೂ ಮರಿಗಳೂ ಒಟ್ಟಿಗಿರುವ ಚಿತ್ರ ಬೇಕೆಂಬುದು ನನ್ನ ಆಸೆ. ಎಷ್ಟು ಹತ್ತಿರ ಹೋಗಬಹುದು, ಬೆಳ್ಳನೆಯ ಮರಳಿನ ಮೇಲೆ ಕ್ಯಾಮೆರಾಗೆ ಬೆಳಕು ಬಿಡುವ ಪ್ರಮಾಣ, ಅಂದರೆ ಎಕ್ಸ್‌ಪೋಷರ್ ಹೇಗಿರಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಾರವಾರದಿಂದ)

ಮರಿಗಳು ಅಲುಗಾಡದಿರುವುದೇ ಅವು ಹೆದರಿರುವುದರ ಗುರುತು. ತಾಯಿ ಎಚ್ಚರಿಕೆಯ ಕೂಗು ಹಾಕಿದೊಡನೆ ಮರಿ ಕತ್ತನ್ನು ಒಳಗೆಳೆದುಕೊಂಡು, ಕುತ್ತಿಗೆಯ ಬಿಳಿ ಪಟ್ಟಿಯೂ ಕಾಣದಂತೆ ನೆಲಕ್ಕೆ ಒತ್ತಿಕೊಳ್ಳುತ್ತದೆ. ಬೆನ್ನಿನ ಕಂದು-ಕಪ್ಪು ಚುಕ್ಕೆಗಳು ಮಣ್ಣಿನಲ್ಲಿ ಬೆರೆತು ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಹಾಗೆ ಅಡಗಿರುವಷ್ಟು ಹೊತ್ತೂ ಅದು ಹುಳು ಹೆಕ್ಕುವುದಿಲ್ಲ. ಟಿಟ್ಟಿಭದ ಮರಿಗಳಿಗೆ ಯಾರೂ ಗುಟುಕು ಕೊಡುವುದಿಲ್ಲ, ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿನಲ್ಲೇ ಅವು ತಾವಾಗಿ ಓಡಾಡಿ ಮೇಯಬೇಕು. ಮೊದಲ ದಿನಗಳಲ್ಲಿ ಮೈಯ ಶಾಖವನ್ನು ತಾವೇ ಕಾಯ್ದುಕೊಳ್ಳಲಾರದ ಕಾರಣ ಬಿಸಿಲೇರಿದಾಗ ತಾಯಿಯ ರೆಕ್ಕೆಯ ನೆರಳು ಬೇಕೇ ಬೇಕು, ಆ ತಾಯಿ ನಿಮ್ಮ ತಲೆಯ ಮೇಲೆ ಹಾರಾಡುತ್ತಿದ್ದರೆ ಮರಿಗೆ ನೆರಳು ಎಲ್ಲಿಂದ ಬರಬೇಕು?

ಆದ್ದರಿಂದ ದೂರವನ್ನು ಮೀಟರಿನಲ್ಲಿ ಅಳೆಯದೆ ತಾಯಿಯ ನಡವಳಿಕೆಯಿಂದ ಅಳೆಯಿರಿ. ಅವಳು ಕೂಗಿದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ. ಕೂಗು ನಿಂತು, ಅವಳು ನೆಲಕ್ಕಿಳಿದು ಮೇಯತೊಡಗುವಷ್ಟು ಹಿಂದೆ ಸರಿದು, ಅಲ್ಲೇ ಬಯಲಿನ ಅಂಚಿನಲ್ಲಿ ಮಲಗಿ ಕಾಯಿರಿ. ಮರಿಗಳು ಮೇಯುತ್ತಾ ಬಯಲಿನ ತುಂಬ ಅಲೆಯುವ ಜೀವಿಗಳಾದ್ದರಿಂದ, ಅವು ತಾವಾಗಿಯೇ ನಿಮ್ಮ ಕಡೆ ಬರುವ ಅವಕಾಶ ನೀವು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಸಿಗುತ್ತದೆ. ನಿಮಗೆ ಬೇಕಾದ ಚಿತ್ರವೂ ಆಗ ಮಾತ್ರ ಸಿಗುತ್ತದೆ, ಏಕೆಂದರೆ ಹೆದರಿದ ತಾಯಿ ಮರಿಯ ಪಕ್ಕಕ್ಕೆ ಬರುವುದೇ ಇಲ್ಲ.

ಉತ್ತರ (ಹೊನ್ನಾವರದಿಂದ)

ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಎಕ್ಸ್‌ಪೋಷರ್ ಬಗ್ಗೆ ಹೇಳುವುದಾದರೆ, ಮರಳು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ. ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಹೆಚ್ಚಿಸಿಕೊಂಡು, ದೊಡ್ಡ ಹಕ್ಕಿಯ ಕೆನ್ನೆಯ ಬಿಳಿ ಸುಟ್ಟುಹೋಗದಂತೆ ಹಿಸ್ಟೋಗ್ರಾಮ್ (ಚಿತ್ರದ ಬೆಳಕು-ನೆರಳಿನ ಹಂಚಿಕೆ ತೋರಿಸುವ ಕ್ಯಾಮೆರಾದ ನಕ್ಷೆ) ನೋಡಿಕೊಳ್ಳಿ. ಓಡುವ ಮರಿಗೆ 1/1600 ಸೆಕೆಂಡಿಗಿಂತ ನಿಧಾನದ ಶಟರ್ ಸಾಲದು. ನಮ್ಮ ಕರಾವಳಿಯಲ್ಲಿ ಬೆಳಗಿನ ಬೆಳಕು ಘಟ್ಟದ ಕಡೆಯಿಂದ ಬರುವುದರಿಂದ ಬೆನ್ನನ್ನು ಪೂರ್ವಕ್ಕೆ ಮಾಡಿ ಕುಳಿತರೆ ಹಕ್ಕಿಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಒಂಬತ್ತು ಗಂಟೆಯೊಳಗೆ ಎದ್ದು ಬಂದುಬಿಡಿ. ಆಮೇಲೆ ಕಾದ ಮರಳಿನ ಮೇಲೆ ಬಿಸಿಗಾಳಿ ನಡುಗಿ ಚಿತ್ರ ಮಸುಕಾಗುತ್ತದೆ, ಮರಿಗಳಿಗೆ ನೆರಳು ಬೇಕಾಗುವ ಹೊತ್ತೂ ಅದೇ.

ಪ್ರಶ್ನೆ ಕೇಳಿದವರಿಂದ

ಮರಿಗಳ ಮೌನವನ್ನು ನಾನು ಹೀಗೆ ಯೋಚಿಸಿರಲಿಲ್ಲ, ಇಬ್ಬರಿಗೂ ಕೃತಜ್ಞತೆಗಳು. ಗೆಳೆಯರು ಜಾಗ ಕೇಳುತ್ತಿದ್ದಾರೆ, ಹೇಳಬಹುದೇ?

ಉತ್ತರ (ಶಿರಸಿಯಿಂದ)

ದಯವಿಟ್ಟು ಬೇಡ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಇಂಥ ಒಂದು ಬಯಲಿಗೆ ಹತ್ತು ಜನ ಬಂದರೂ ಮರಿಗಳು ದಿನವಿಡೀ ಅಡಗಿಯೇ ಇರಬೇಕಾಗುತ್ತದೆ, ಗಾಬರಿಗೊಂಡ ತಾಯಿಯ ಓಡಾಟವನ್ನು ನೋಡಿಕೊಂಡು ಕಾಗೆಗಳೂ ಬೀದಿನಾಯಿಗಳೂ ಅಲ್ಲಿಗೆ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡನ್ನು ಕದಲಿಸುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ ಎಂಬುದನ್ನು ಗೆಳೆಯರಿಗೆ ತಿಳಿಸಿ. ಚಿತ್ರ ಹಂಚುವಾಗ ಕುಮಟಾ ತಾಲೂಕು ಎಂದಷ್ಟೇ ಬರೆದರೆ ಸಾಕು. ಫೋನಿನಿಂದ ತೆಗೆದದ್ದಾದರೆ ಅದರೊಳಗೆ ಅಡಕವಾಗಿರುವ ಜಿಪಿಎಸ್ ಮಾಹಿತಿಯನ್ನು ಮೊದಲು ಅಳಿಸಿ, ಮರಿಗಳು ಹಾರಲು ಕಲಿತ ಮೇಲೆಯೇ ಪ್ರಕಟಿಸಿ.