ಅಲೆ, ಸದ್ದು, ಶಕ್ತಿ: ಫಿಸಿಕ್ಸ್ ಸರ್ ಅವರಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಧಾರವಾಡದ ನಿವೃತ್ತ ಫಿಸಿಕ್ಸ್ ಪ್ರಾಧ್ಯಾಪಕರು ಇವತ್ತು ಸಂಜಿ ಅಲೆಗಳ ಬಗ್ಗೆ ಉತ್ತರ ಕೊಡ್ತಾರ. ನಿಮ್ಮ ಏರಿಯಾ ಹಾಕಿ ಕೇಳ್ರಿ. ಫಾರ್ವರ್ಡ್ ಬ್ಯಾಡ.

ಉಣಕಲ್: ಸರ್ರ, ಹುಡುಗರ ಬಾಲ್ ಕೆರಿಯಾಗ ಬಿದ್ದೈತಿ. ಅದರ ಆಚೆ ಕಲ್ಲ ಒಗದ್ರ ತೆರಿ ಬಾಲನ್ನ ದಂಡಿಗೆ ತರತೈತೇನ್ರಿ?

ಸರ್: ತರೋದಿಲ್ಲ. ತೆರೆ ದಂಡೆಗೆ ಬರತದ, ನೀರು ಬರೋದಿಲ್ಲ. ನೀರು ಸಣ್ಣ ಸುತ್ತು ಹಾಕಿ ಹೆಚ್ಚುಕಮ್ಮಿ ಇದ್ದಲ್ಲೇ ಉಳೀತದ, ಮುಂದ ಹೋಗೋದು ಕಲ್ಲು ಕೊಟ್ಟ ಶಕ್ತಿ. ಬಾಲ್ ಏರಿ ಇಳೀತದ ಅಷ್ಟೇ. ಗಾಳಿ ಈ ಕಡೆ ಬೀಸಿದಾಗ ತಾನೇ ಬರತದ. ಹುಡುಗರನ್ನ ನೀರಿಗೆ ಇಳಿಸಬ್ಯಾಡ್ರಿ.

ಗೋಕುಲ ರೋಡ್: ಮೊಬೈಲ್ ಹಿಂದ ಹಚ್ಚೋ ರೇಡಿಯೇಷನ್ ಸ್ಟಿಕರ್ ಕೆಲಸ ಮಾಡತೈತೇನ್ರಿ?

ಸರ್: ಹಚ್ಚಬ್ಯಾಡ್ರಿ. ಅದು ಖರೇನೇ ಅಲೆ ತಡದ್ರ, ಟವರ್ ಮುಟ್ಟಲಿಕ್ಕೆ ಫೋನ್ ಇನ್ನೂ ಜೋರು ಮಾಡತದ.

ಹಳೇ ಹುಬ್ಬಳ್ಳಿ: ಸರ್ರ, ಒಂಬತ್ತನೇ ದಿನದ ಗಣಪತಿ ಕಳಸುವಾಗ ಡಿಜೆ ಗಾಡಿ ನಮ್ಮ ಓಣ್ಯಾಗ ಅರ್ಧ ತಾಸು ನಿಂತಿತ್ತು. ಕಿಡಕಿ ಗ್ಲಾಸ್ ಗಡಗಡ ನಡುಗಿದ್ವು. ಆರು ತಿಂಗಳ ಮೊಮ್ಮಗಳನ್ನ ಎತ್ಕೊಂಡು ಕಟ್ಟಿ ಮ್ಯಾಲೆ ನಿಂತಿದ್ದೆ. ಇನ್ನೂ ನನ್ನ ಕಿವ್ಯಾಗ ಗುಂಯ್ ಅಂತೈತಿ, ಕೂಸು ನಿದ್ದ್ಯಾಗ ಬೆಚ್ಚತೈತಿ. ಬರೇ ಗಾಳಿಗೆ ಗ್ಲಾಸ್ ಹೆಂಗ ನಡುಗತಾವ್ರಿ?

ಸರ್: ಯಜಮಾನ್ರ, ಇದನ್ನ ಓದಿ ಚಿಂತಿ ಆತು. ಸ್ಪೀಕರಿನ ಗಾಳಿ ಹಾರಿ ನಿಮ್ಮ ಮನಿಗೆ ಬರೋದಿಲ್ಲ. ಸ್ಪೀಕರ್ ಪಕ್ಕದ ಗಾಳಿಯನ್ನ ಒತ್ತತದ, ಅದು ಮುಂದಿನದನ್ನ ಒತ್ತತದ. ಹಿಂಗ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಾಗ ಶಕ್ತಿ ಬಂದು ಗ್ಲಾಸಿಗೆ ಬಡೀತದ. ಅದೇ ಶಕ್ತಿ ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನ ಅಲ್ಲಾಡಸತದ. ಅವು ಸತ್ತರ ಮತ್ತ ಹುಟ್ಟೋದಿಲ್ಲ.

ಅಲೆಯ ಏರಿಳಿತ ಎರಡು ಪಟ್ಟಾದರ ಶಕ್ತಿ ನಾಕು ಪಟ್ಟು, ಮೂರಾದರ ಒಂಬತ್ತು. ಕಿವಿಗೆ ಈ ಲೆಕ್ಕ ತಿಳಿಯೋದಿಲ್ಲ, ಮೋಸ ಆಗೋದು ಅಲ್ಲೇ. ಸದ್ದಿನ ಅಳತಿ ಡೆಸಿಬಲ್; ಅದು 3 ಏರಿದರ ಶಕ್ತಿ ಇಮ್ಮಡಿ, ನಮಗ ತುಸು ಜೋರಾತು ಅನಸತದ. ದೊಡ್ಡವರಿಗೆ ತಜ್ಞರು ಹೇಳೋ ಮಿತಿ 85 ಡೆಸಿಬಲ್‌ಗೆ 8 ತಾಸು, 88ಕ್ಕೆ 4 ತಾಸು, 100ಕ್ಕೆ ಬರೇ 15 ನಿಮಿಷ. ಡಿಜೆ ಗಾಡಿ ಬಾಜೂಕ 100 ದಾಟೋದು ಸಾಮಾನ್ಯ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ವಸತಿ ಪ್ರದೇಶಕ್ಕ ಇಟ್ಟಿದ್ದು ಹಗಲು 55, ರಾತ್ರಿ 45. ಬಯಲಾಗ ಎರಡು ಪಟ್ಟು ದೂರ ಸರದ್ರ ಶಕ್ತಿ ಕಾಲು ಭಾಗಕ್ಕ ಇಳೀತದ, ಆದ್ರ ಇಕ್ಕಟ್ಟಿನ ಓಣ್ಯಾಗ ಗೋಡೆಗಳು ತಿರುಗಿ ಒಗೀತಾವ, ಅಷ್ಟು ಇಳಿಯೋದಿಲ್ಲ.

ನಾನು ಡಾಕ್ಟರ್ ಅಲ್ಲ. ಎರಡು ದಿನ ಆದರೂ ಗುಂಯ್ ನಿಂತಿಲ್ಲ ಅಂದ್ರ ತಡ ಮಾಡಬ್ಯಾಡ್ರಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರಿ ಕಿಮ್ಸ್‌ನಾಗ ಕಿವಿ ವಿಭಾಗಕ್ಕ ಹೋಗಿ ಇಬ್ಬರದೂ ತೋರಸ್ರಿ. ಕೂಸಿಗೆ ಬಾಯಿಲೆ ಹೇಳಲಿಕ್ಕೆ ಬರೋದಿಲ್ಲ.

ಕೇಶ್ವಾಪುರ: *ಫಾರ್ವರ್ಡ್ ಮಾಡಿದ ಸಂದೇಶ:* ಕಿವಿ ಗುಂಯ್ ಅಂದ್ರ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣಿ ಎರಡು ಹನಿ, ಮ್ಯಾಲೆ ಹತ್ತಿ. ಎಲ್ಲಾರಿಗೂ ಕಳಸ್ರಿ.

ಸರ್: ಕಳಸಬ್ಯಾಡ್ರಿ! ಪೆಟ್ಟು ಬಿದ್ದಿರೋದು ಒಳಗಿವಿಗೆ, ಎಣ್ಣಿ ಕಿವಿ ತಮಟೆ ದಾಟಿ ಅಲ್ಲಿಗೆ ಹೋಗೋದಿಲ್ಲ. ತಮಟೆ ಹರಿದಿದ್ರ ಸೋಂಕು ಆಗತದ. ಕೂಸಿನ ಕಿವ್ಯಾಗ ಒಂದು ಹನಿನೂ ಹಾಕಬ್ಯಾಡ್ರಿ.

ಕೇಶ್ವಾಪುರ: ನಮ್ಮ ಅಜ್ಜಿ ಹಾಕತಿದ್ರು, ಯಾರೂ ಕಿವುಡಾಗಿಲ್ಲ.

ಗಣೇಶ ಮಂಡಳಿ ಕಾರ್ಯಕರ್ತ: ವರ್ಷಕ್ಕೊಮ್ಮೆ ಹಬ್ಬ. ಹೋಳಿ ಹಬ್ಬಕ್ಕ ಜಗ್ಗಲಗಿ ಚರ್ಮವಾದ್ಯ ಬಾರಿಸಿದ್ರ ಯಾರೂ ಮಾತಾಡಂಗಿಲ್ಲ, ಡಿಜೆ ಅಂದ್ರ ಎಲ್ಲಾರಿಗೂ ಕಿವಿ ನೋವು.

ವಿದ್ಯಾನಗರ: ಜಗ್ಗಲಗಿ ಬಾರಸಾವ್ರ ಕೈ ಸೋಲತಾವ. ಜನರೇಟರ್ ಸೋಲತೈತೇನು?

ಮಂಡಳಿ ಕಾರ್ಯಕರ್ತ: ನೀವು ಮಂಡಳಿಗೆ ಪಟ್ಟಿ ರೊಕ್ಕ ಕೊಟ್ಟೀರೇನು?

ವಿದ್ಯಾನಗರ: ಕೊಟ್ಟೇನಿ. ರಸೀದಿ ಹಾಕಲೇನು?

ಗದಗ: ಸರ್ರ, ಭೂಕಂಪದ ಅಲಿನೂ ಹಿಂಗ ಶಕ್ತಿ ಹೊತ್ಕೊಂಡು ಬರತಾವೇನ್ರಿ?

ಮಂಡಳಿ ಕಾರ್ಯಕರ್ತ: ಹಾಕ್ರಿ ನೋಡೂಣು.

ನವನಗರ: ಅಣ್ಣಾರ, ಜಗಳ ಬ್ಯಾರೆ ಕಡೆ ಮಾಡ್ರಿ.

ಮಂಡಳಿ ಕಾರ್ಯಕರ್ತ: ನಿನ್ನ ಯಾರ ಕೇಳ್ಯಾರ?

ಸರ್: ಜಗ್ಗಲಗಿ ಬಾಜೂಕ ನಿಂತ್ರೂ ಕಿವಿಗೆ ಪೆಟ್ಟೇ, ಮೊದಲು ಬಾರಿಸೋವ್ರಿಗೆ. ಆದ್ರ ಅಲ್ಲಿ ಶಕ್ತಿ ತೋಳಿಂದು, ಇಲ್ಲಿ ಸಾವಿರಾರು ವ್ಯಾಟಿಂದು. ಡಿಜೆಯ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಬೇಸ್ ಅಲೆ ಒಂದರ ಉದ್ದ ಸುಮಾರು 7 ಮೀಟರ್. ಅದು ಮೂಲಿ ಸುತ್ತಿ ಬರತದ, ಕಿವ್ಯಾಗಿನ ಹತ್ತಿ ಅದನ್ನ ತಡಿಯೋದಿಲ್ಲ. ಕೈ ಮುಗಿದು ಕೇಳತೀನಿ, ಮನಿ ಮುಂದ ಗಾಡಿ ನಿಲ್ಲಿಸಬ್ಯಾಡ್ರಿ.

ಹಾವೇರಿ, ಪಿಯುಸಿ: ಸರ್, ಬಿಸಿಲಿನ ಶಕ್ತಿ ಬರಾಕ ಗಾಳಿ ಬೇಕೇನ್ರಿ?

ಸರ್: ಬ್ಯಾಡ. ಬೆಳಕು ವಿದ್ಯುತ್ಕಾಂತೀಯ ಅಲೆ, ನಿರ್ವಾತದಾಗ ಬರತದ. ಸೂರ್ಯನಿಂದ ಸುಮಾರು 8 ನಿಮಿಷ 20 ಸೆಕೆಂಡು.

ತಾರಿಹಾಳ: ಸರ್ರ, ಮೊಬೈಲ್ ಸ್ಟಿಕರ್ ಹಚ್ಚಬಹುದೇನ್ರಿ?

ಸರ್: ಮ್ಯಾಲೆ ಓದ್ರಿ.

ವಿದ್ಯಾನಗರ: *ಫೋಟೋ:* ರಸೀದಿ.

ಮಂಡಳಿ ಕಾರ್ಯಕರ್ತ: ಇದು ಹ್ವಾದ ವರ್ಷದ್ದು.

ಅಡ್ಮಿನ್: ಇಬ್ಬರೂ ಸುಮ್ಮನಾಗ್ರಿ. ಇಲ್ಲಾಂದ್ರ ತಗದು ಹಾಕತೇನಿ.

ಹಳೇ ಹುಬ್ಬಳ್ಳಿ: ಸರ್ರ, ಇವತ್ತ ಹನ್ನೊಂದನೇ ದಿನ. ರಾತ್ರಿ ಇನ್ನೂ ದೊಡ್ಡ ಗಾಡಿ ಇದೇ ಓಣ್ಯಾಗ ಹೊಕ್ಕಾವ್ರಿ. ಬಾಗಲಾ ಹಾಕ್ಕೊಂಡ್ರ ನಡೀತೈತೇನು?

ಸರ್: ನಡಿಯೋದಿಲ್ಲ. ಮೆರವಣಿಗಿ ಬರದ ಕಡೆ ಬೀಗರ ಮನಿ ಇದ್ರ ಈಗಲೇ ಕೂಸನ್ನ ಕರ್ಕೊಂಡು ಹೋಗ್ರಿ, ನೀವೂ ಅಲ್ಲೇ ಉಳೀರಿ. ನಾಳೆ ಮುಂಜಾನೆ ಸೀದಾ ಆಸ್ಪತ್ರಿಗೆ.